ಎಚ್ಚರವಿಲ್ಲದವರ ಬಳಿ

ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ಕೊಡುವುದು ನಮ್ಮ ಕಡೆ ಡಾಕ್ಟರರ ಕೆಲಸ. ನಾನೀಗ ಇರುವ ಅಮೆರಿಕದಲ್ಲಿ ಅದಕ್ಕೆಂದೇ ತರಬೇತಿ ಪಡೆದ ನರ್ಸುಗಳೂ ಕೊಡುತ್ತಾರೆ. ಇದೇನೂ ಹೊಸದಲ್ಲ. ಮೇಯೋ ಕ್ಲಿನಿಕ್ಕಿನ ಆಲಿಸ್ ಮಗಾವ್ ಎಂಬ ನರ್ಸ್ 14,000ಕ್ಕೂ ಹೆಚ್ಚು ಅರಿವಳಿಕೆಗಳ ವಿವರವನ್ನು 1906ರಲ್ಲೇ ಪ್ರಕಟಿಸಿದ್ದರು. ಮೆಲ್ಲಗೆ ಮಾತಾಡುತ್ತಲೇ ರೋಗಿಯನ್ನು ನಿದ್ದೆಗೆ ಜಾರಿಸುವುದು ಅವರ ರೀತಿ.

ಈಗ ಈ ತರಬೇತಿ ಮೂರು ವರ್ಷದ್ದು. ಸೇರಬೇಕಾದರೆ ತೀವ್ರ ನಿಗಾ ಘಟಕದಲ್ಲಿ ಕನಿಷ್ಠ ಒಂದು ವರ್ಷ ದುಡಿದಿರಬೇಕು. ಅಲ್ಲಿ ಆರು ವರ್ಷ ಕಳೆದ ನನ್ನನ್ನು ಒಂದು ಪ್ರಶ್ನೆ ಕಾಡುತ್ತದೆ: ಆ ಅನುಭವ ನನಗೆ ಯಾವ ಯೋಗ್ಯತೆ ಕೊಟ್ಟಿದೆ?

ಕೈಗೆ ಕೆಲಸ ಬಂದಿದೆ, ನಿಜ. ವೆಂಟಿಲೇಟರಿನ ಸದ್ದು ಕೊಂಚ ಬದಲಾದರೂ ಕಿವಿಗೆ ತಿಳಿಯುತ್ತದೆ. ರಕ್ತದೊತ್ತಡ ಕುಸಿಯುವ ಮೊದಲೇ ಮುಖದ ಬಣ್ಣ ಸುಳಿವು ಕೊಡುತ್ತದೆ. ಹಾಲಿನಂತೆ ಬಿಳಿಯಾದ ಪ್ರೊಪೊಫಾಲ್ ಎಂಬ ಔಷಧ ನಮ್ಮಲ್ಲೂ ಉಂಟು, ಆಪರೇಷನ್ ಕೋಣೆಯಲ್ಲೂ ಉಂಟು. ಆದರೆ ವ್ಯತ್ಯಾಸ ನೋಡಿ. ನನ್ನ ರೋಗಿಯ ಉಸಿರಿನ ಶಕ್ತಿಯನ್ನು ಕಾಯಿಲೆ ಆಗಲೇ ಕಸಿದಿರುತ್ತದೆ, ನಾನು ಕಾಯುವವಳು. ಅಲ್ಲಿಯಾದರೋ, ಈಗಷ್ಟೇ ಮಕ್ಕಳ ವಿಷಯ ಹೇಳುತ್ತಿದ್ದ ಹೆಂಗಸಿನ ಎಚ್ಚರವನ್ನು ನನ್ನ ಕೈಯೇ ತೆಗೆಯಬೇಕು, ಮತ್ತೆ ಅದೇ ಕೈ ತಂದುಕೊಡಬೇಕು.

ಇದಕ್ಕೆ ಜಾಣ್ಮೆಯೊಂದೇ ಸಾಲದು. ಅನುಭವ ಕೈಯನ್ನು ಪಳಗಿಸುವಂತೆಯೇ ಮನಸ್ಸನ್ನು ಒರಟು ಮಾಡಲೂಬಹುದು. ವರ್ಷಗಟ್ಟಲೆ ಅಂಕಿಗಳನ್ನೇ ನೋಡಿದವಳಿಗೆ ಮಂಚದ ಮೇಲಿನ ಜೀವವೂ ಒಂದು ಅಂಕಿಯಾಗಿ ಕಂಡೀತು.

ಎಚ್ಚರವಿಲ್ಲದವರ ಮಗ್ಗುಲು ಬದಲಿಸುವಾಗಲೂ ನಾವು ಹೆಸರು ಹಿಡಿದು ಕರೆದು, "ಈಗ ಎಡಕ್ಕೆ ತಿರುಗಿಸುತ್ತೇನೆ" ಎನ್ನುತ್ತೇವೆ. ಮೈ ಒರೆಸುವಾಗ ಪರದೆ ಎಳೆಯುತ್ತೇವೆ. ರಾತ್ರಿ ಮೂರು ಗಂಟೆಯಲ್ಲಿ ಇದನ್ನು ಬಿಟ್ಟರೆ ನೋಡುವವರಿಲ್ಲ, ದೂರುವವರೂ ಇಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರ ಸೇವೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಯಿಬಿಟ್ಟು ಕೇಳಲಾರದವರ ಬಳಿ ನಾವು ಹೇಗಿರುತ್ತೇವೆಯೋ ಅದೇ ನಮ್ಮ ನಿಜವಾದ ನಡತೆ.

ಇನ್ನೊಬ್ಬರ ಎಚ್ಚರ ತೆಗೆಯುವ ಅಧಿಕಾರವನ್ನು ಸರ್ಟಿಫಿಕೇಟು ಕೊಡಬಹುದು. ಆದರೆ ಎಚ್ಚರವಿಲ್ಲದವರ ಮಾನವನ್ನು ಕಾದವಳಿಗೆ ಮಾತ್ರ ಅದು ಒಪ್ಪುತ್ತದೆ ಎಂದು ನನಗನ್ನಿಸುತ್ತದೆ. ತೀವ್ರ ನಿಗಾ ಘಟಕದ ಆ ಒಂದು ವರ್ಷದ ನಿಯಮಕ್ಕೆ ನಾನು ಕೊಟ್ಟುಕೊಂಡಿರುವ ಅರ್ಥ ಇದು. ಅರ್ಜಿ ಹಾಕಿದ್ದೇನೆ. ಭಯ ಹೋಗಿಲ್ಲ. ಆ ಕೆಲಸಕ್ಕೆ ಹೋಗುವವಳ ಜೊತೆ ಅದೂ ಸ್ವಲ್ಪ ಇರಲಿ.