ಶಿಶುವಿನ ಮೇಲೆ ನಮಗಿರುವ ಅಧಿಕಾರ

ವಿಜಯದಶಮಿಯ ಬೆಳಗ್ಗೆ ನಮ್ಮ ಕಾಸರಗೋಡು ಸೀಮೆಯ ದೇವಾಲಯಗಳಲ್ಲಿ ಕಾಣುವ ನೋಟವನ್ನು ಈ ಪತ್ರಿಕೆಯ ವಾಚಕರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ಹಿರಿಯರ ತೊಡೆಯ ಮೇಲೆ ಎರಡು ಮೂರು ವರ್ಷದ ಕೂಸು. ಎದುರಿಗೆ ಹರಿವಾಣದ ತುಂಬ ಬೆಳ್ತಿಗೆ ಅಕ್ಕಿ. ಆ ಪುಟ್ಟ ಬೆರಳನ್ನು ಹಿಡಿದು ಅಕ್ಷರ ತಿದ್ದಿಸುವ ಒಂದು ದೊಡ್ಡ ಕೈ. ಒಂದು ಮಗುವಿಗೆ ಕನ್ನಡದ ಅಕ್ಷರ, ಪಕ್ಕದ ಮಗುವಿಗೆ ಮಲಯಾಳದ ಅಕ್ಷರ. ಕೆಲವು ನಗುತ್ತವೆ, ಹಲವು ಅಳುತ್ತವೆ. ಬೆರಳು ಮಗುವಿನದು, ಬರೆಯುವ ಇಚ್ಛೆ ನಮ್ಮದು. ಒಂದು ದಿನದ ಈ ಮಂಗಳ ಕಾರ್ಯದಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಆ ದೊಡ್ಡ ಕೈ ಮರುದಿನವೂ ಸಡಿಲದೆ, ವರ್ಷವಿಡೀ ಹಿಡಿದೇ ಇದ್ದರೆ ಅದನ್ನು ಶಿಕ್ಷಣವೆನ್ನಬಹುದೆ? ಅಷ್ಟರ ಮಟ್ಟಿನ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?

ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಮೂರೂವರೆ ವರ್ಷದ ಮಗುವಿನ ಕೈಗೆ ಪೆನ್ಸಿಲು ಕೊಟ್ಟು ನಾಲ್ಕು ಗೆರೆಯ ಪುಸ್ತಕದಲ್ಲಿ ಪುಟಗಟ್ಟಲೆ ಬರೆಯಿಸುವ ಎಲ್‌ಕೆಜಿಗಳು ಇಂದು ಹಳ್ಳಿ ಹಳ್ಳಿಗೂ ಬಂದಿವೆ. ಮನುಷ್ಯನ ಮಣಿಕಟ್ಟಿನಲ್ಲಿರುವ 8 ಎಲುಬುಗಳು ಹುಟ್ಟುವಾಗ ಎಲುಬುಗಳೇ ಆಗಿರುವುದಿಲ್ಲ, ಮೆದುವಾದ ಮೃದ್ವಸ್ಥಿಯಾಗಿರುತ್ತವೆ. ಅವೆಲ್ಲವೂ ಒಂದೊಂದಾಗಿ ಗಟ್ಟಿಗೊಳ್ಳುವುದಕ್ಕೆ ಸುಮಾರು ಹತ್ತು ಹನ್ನೆರಡು ವರ್ಷ ಬೇಕು. ಪ್ರಕೃತಿ ಇಷ್ಟು ಸಾವಧಾನವಾಗಿ ಕಟ್ಟುತ್ತಿರುವ ಕೈಯನ್ನು ನಾವು ಅವಸರದಿಂದ ದುಡಿಸುತ್ತಿದ್ದೇವೆ. ಏಕೆಂದು ಕೇಳಿದರೆ ಎಲ್ಲರ ಉತ್ತರವೂ ಒಂದೇ: ‘ಮುಂದೆ ಒಳ್ಳೆಯದಾಗಲಿ ಎಂದು.’

ಈ ‘ಮುಂದೆ’ ಎಂಬ ಮಾತನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಫ್ರೆಂಚ್ ಭಾಷೆಯಲ್ಲಿ ಬರೆದ ರೂಸೋ 1762ರ ತನ್ನ ‘ಎಮಿಲಿ’ನಲ್ಲಿ ಇದನ್ನೇ ಹಿಡಿದು ಪ್ರಶ್ನಿಸಿದನು. ನಿಶ್ಚಯವಿಲ್ಲದ ನಾಳೆಗಾಗಿ ಮಗುವಿನ ಕೈಯಲ್ಲಿರುವ ಇಂದನ್ನು ಬಲಿಗೊಡುವ ಶಿಕ್ಷಣವು ಅವನ ದೃಷ್ಟಿಯಲ್ಲಿ ಕ್ರೌರ್ಯ. ಆ ನಾಳೆಯನ್ನು ಕಾಣುವ ಮೊದಲೇ ಮಡಿದ ಮಕ್ಕಳಿಗೆ ನಾವು ಕೊಟ್ಟದ್ದಾದರೂ ಏನು ಎಂಬುದು ಅವನ ವಾದದ ಸಾರ. (ತನ್ನ ಐದು ಮಕ್ಕಳನ್ನೂ ಅನಾಥಾಲಯಕ್ಕೆ ಒಪ್ಪಿಸಿದವನ ಬಾಯಲ್ಲಿ ಈ ಮಾತೇ ಎಂದು ವಾಚಕರು ಮೂಗುಮುರಿದರೆ ನಾವು ತಡೆಯಲಾರೆವು. ಆದರೆ ಹೇಳಿದವನ ನಡತೆಯಿಂದ ಮಾತು ಸುಳ್ಳಾಗುವುದಿಲ್ಲ.)

ಭಾರತದಲ್ಲಿ ಈ ವಿಚಾರ ಹೊಸತಲ್ಲ. ವಕೀಲರಾಗಿದ್ದ ಗಿಜುಭಾಯಿ ಬಧೇಕಾ ಆ ವೃತ್ತಿಯನ್ನು ತೊರೆದು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಜನರು ಅವರನ್ನು ಪ್ರೀತಿಯಿಂದ ‘ಮೀಸೆಯ ತಾಯಿ’ ಎಂದರು. ಅವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕರು 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಯಲ್ಲಿ ಕೆಲಸಕ್ಕೆ ತೊಡಗಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಮಕ್ಕಳ ಅಂಗಳಕ್ಕೆ ಹೋಗಲಿ ಎಂಬುದು ಅವರ ನಿಲುವು. ಇಂದು ನಾವು ಆಡುವ ‘ಅಂಗನವಾಡಿ’ ಎಂಬ ಮಾತಿನಲ್ಲಿ ಆ ಅಂಗಳ ಇನ್ನೂ ಇದೆ. 1975ರ ಅಕ್ಟೋಬರ್ 2ರಂದು 33 ಕ್ಷೇತ್ರಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆ ಹೆಸರನ್ನು ದೇಶದ ಮೂಲೆಮೂಲೆಗೂ ಒಯ್ದಿತು. ಹೆಸರು ಹೋದಲ್ಲೆಲ್ಲ ಅಂಗಳವೂ ಹೋಯಿತೆ ಎಂಬುದು ಬೇರೆ ಮಾತು.

2022ರಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳ ಬೆಳವಣಿಗೆಯಲ್ಲಿ ದೇಹ, ಭಾವ ಮತ್ತು ನೀತಿ, ಬುದ್ಧಿ, ಭಾಷೆ, ಕಲಾಭಿರುಚಿ ಎಂಬ ಕ್ಷೇತ್ರಗಳನ್ನು ಗುರುತಿಸುತ್ತದೆ. ವಿಂಗಡಣೆ ಶಿಕ್ಷಕರಿಗೆ ಉಪಯುಕ್ತವೇ. ಆದರೆ ವಿಂಗಡಣೆ ಕಾಗದದ ಮೇಲಿರುವುದು, ಮಗುವಿನಲ್ಲಿ ಅಲ್ಲ. ಇದನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಒಂದು ತಪ್ಪಿನಿಂದ ಕಲಿತವರು.

ಕೆಲವು ವರ್ಷಗಳ ಹಿಂದೆ ನಮ್ಮ ಕನ್ನಡ ಶಾಲೆಯ ಶಿಶುವಿಹಾರಕ್ಕೆ ನಾಲ್ಕೂವರೆ ವರ್ಷದ ಒಬ್ಬ ಹುಡುಗ ಬಂದನು. ಮನೆಮಾತು ತುಳು, ತಾಯಿ ಬೀಡಿ ಕಟ್ಟುವವರು. ಜೂನ್ ಕಳೆದು ಜುಲೈ ನಡುವಿಗೆ ಬಂದರೂ ಅವನು ಬಾಯಿ ಬಿಡಲಿಲ್ಲ. ‘ಒಂದು, ಎರಡು’ ಎಂದು ಹೇಳಿಕೊಟ್ಟರೆ ಗೋಡೆ ನೋಡುತ್ತಿದ್ದನು. ನಾವು ಪರಸ್ಪರ ಆಲೋಚಿಸಿ ಅವನ ಹೆಸರಿನ ಮುಂದೆ ‘ಮಂದ’ ಎಂದು ಬರೆದೆವು. ಬರೆಯುವಾಗ ಯಾರ ಕೈಯೂ ನಡುಗಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಆಟಿಯ ಮಳೆ ಹಿಡಿದ ಒಂದು ಸಂಜೆ ಅವನ ಮನೆಗೆ ಹೋಗುವ ಪ್ರಸಂಗ ಬಂತು. ಜಗಲಿಯಲ್ಲಿ ಅಜ್ಜಿಯೂ ಮೊಮ್ಮಗನೂ ಚೆನ್ನೆಮಣೆಯ ಎರಡು ಬದಿಯಲ್ಲಿ ಕುಳಿತಿದ್ದರು. ಬದಿಗೆ 7ರಂತೆ 14 ಗುಳಿ. ಗುಳಿಗೆ 4ರಂತೆ 56 ಕಾಯಿ. ಒಂದು ಗುಳಿಯ ಕಾಯಿಗಳನ್ನು ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿ ಖಾಲಿಯಿದ್ದರೆ ಅದರ ಆಚೆಯದು ನಮಗೆ. ಹುಡುಗ ಕಾಯಿ ಎತ್ತುವ ಮೊದಲು ಒಂದು ಕ್ಷಣ ಮಣೆಯನ್ನು ನೋಡುತ್ತಿದ್ದನು. ಎಲ್ಲಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆಂದು ಅವನಿಗೆ ಮೊದಲೇ ತಿಳಿದಿತ್ತು. ಗೆದ್ದ ಕಾಯಿಗಳನ್ನು ‘ಒಂಜಿ, ರಡ್ಡ್, ಮೂಜಿ, ನಾಲ್’ ಎಂದು ಎಣಿಸಿ, ನಾಲ್ಕು ನಾಲ್ಕರ ಗುಂಪು ಮಾಡಿ ಇಟ್ಟನು. ಅಜ್ಜಿ ಮರೆತು ಎರಡು ಸಲ ಆಡಹೊರಟಾಗ ಕೈ ಹಿಡಿದು ನಿಲ್ಲಿಸಿದನು. ಸೋಲುವುದರಲ್ಲಿದ್ದ ಅಜ್ಜಿಗೆ ತನ್ನ ಬದಿಯಿಂದ ಒಂದು ಕಾಯಿಯನ್ನು ಗುಟ್ಟಾಗಿ ದಾಟಿಸಿದ್ದನ್ನೂ ನಾವು ಕಂಡೆವು.

ಆ ಪುಟ್ಟ ಮಣೆಯಲ್ಲಿ ಬೆರಳಿನ ಹಿಡಿತವಿತ್ತು, ಲೆಕ್ಕವಿತ್ತು, ಮಾತಿತ್ತು, ಸರದಿ ಕಾಯುವ ನಿಯಮವಿತ್ತು, ನಿಯಮವನ್ನು ಮೀರಿದ ಕರುಣೆಯೂ ಇತ್ತು. ಮಂದವಾಗಿದ್ದುದು ಯಾವುದು? ಅವನಿಗೆ ಎಣಿಕೆ ಬಾರದಿದ್ದುದಲ್ಲ. ನಮಗೆ ಅವನ ಎಣಿಕೆ ಕೇಳಿಸದಿದ್ದುದು.

ಇಲ್ಲಿ ನಮ್ಮ ಮನಸ್ಸು ಹೆಚ್ಚು ನೊಂದದ್ದಕ್ಕೆ ಬೇರೊಂದು ಕಾರಣವುಂಟು. 1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಮಕ್ಕಳಿಗೆ ಅವರ ನುಡಿಯಲ್ಲೇ ಕಲಿಯುವ ಹಕ್ಕು ಬೇಕೆಂದು ನಾವು ಕೇಳುತ್ತ ಬಂದವರು. ಕನ್ನಡದ ಕಂದನ ಮುಂದೆ ಕನ್ನಡ ಬಾರದ ಶಿಕ್ಷಕರು ನಿಂತಾಗಲೆಲ್ಲ ಬೀದಿಗಿಳಿದು ಕೂಗಿದವರು. ಅದು ನ್ಯಾಯವಾದ ಕೂಗು. ಅದರಿಂದ ನಾವು ಹಿಂದೆಗೆಯುವವರಲ್ಲ. ಆದರೆ ಅದೇ ಹೊತ್ತಿನಲ್ಲಿ ನಮ್ಮ ಕೊಠಡಿಯ ಒಳಗೆ ಒಂದು ತುಳು ಕೂಸು ಕನ್ನಡದ ಎದುರು ಮೂಕವಾಗಿ ಕುಳಿತಿತ್ತು. ನಮಗೆ ಆದುದನ್ನು ನಾವು ಅನ್ಯಾಯವೆಂದೆವು; ನಮ್ಮಿಂದ ಆದುದನ್ನು ಮಂದಬುದ್ಧಿಯೆಂದೆವು. ಕನ್ನಡವೂ ತುಳುವೂ ಅಕ್ಕತಂಗಿಯರಲ್ಲವೆ, ಮಗು ಹೇಗೂ ಕಲಿಯುತ್ತದೆ ಎಂಬ ಸಮಾಧಾನ ನಮ್ಮ ನಾಲಗೆಯ ತುದಿಯಲ್ಲೇ ಇತ್ತು. ಬಲವುಳ್ಳ ನುಡಿಯವರು ಇತರರಿಗೆ ಹೇಳುವ ಸಮಾಧಾನವೂ ಇದೇ ಅಲ್ಲವೆ?

ಆದರೆ ಆ ದಿನದ ಪಾಠ ಅಲ್ಲಿಗೇ ಮುಗಿಯಲಿಲ್ಲ. ಇನ್ನು ಅಕ್ಷರದ ಅವಸರ ಬೇಡ, ಮಗು ಆಡಿಕೊಂಡೇ ಕಲಿಯಲಿ ಎಂದು ನಾವು ಉತ್ಸಾಹದಿಂದ ಹೇಳಿದಾಗ, ಮೊರದ ಬೀಡಿ ಎಲೆಗಳಿಂದ ಕಣ್ಣೆತ್ತದೆ ತಾಯಿ ತುಳುವಿನಲ್ಲಿ ಒಂದು ಮಾತು ಹೇಳಿದರು. ಕನ್ನಡಿಸಿದರೆ ಅದು ಹೀಗೆ: ‘ಆಟಕ್ಕೆ ನಮ್ಮ ಮನೆಯಲ್ಲೇ ಜಾಗ ಉಂಟು ಮಾಸ್ಟ್ರೇ. ಅಕ್ಷರ ಮಾತ್ರ ಇಲ್ಲ. ಅದಿರುವುದು ನಿಮ್ಮ ಹತ್ತಿರ.’

ಈ ಮಾತಿಗೆ ನಮ್ಮಲ್ಲಿ ಸಿದ್ಧ ಉತ್ತರವಿರಲಿಲ್ಲ. ಪುಸ್ತಕದ ಕಪಾಟಿರುವ ಮನೆಯ ಮಗುವಿಗೆ ಅಕ್ಷರ ಎರಡು ವರ್ಷ ತಡವಾದರೆ ನಷ್ಟವಿಲ್ಲ. ಗಾಳಿಯಲ್ಲೇ ಅದು ಬಂದು ಸೇರುತ್ತದೆ. ಬೀಡಿಯ ಮೊರದ ಪಕ್ಕದಲ್ಲಿ ಬೆಳೆಯುವ ಮಗುವಿಗೆ ಶಾಲೆಯೊಂದೇ ಬಾಗಿಲು. ಅಕ್ಷರವನ್ನು ಹೇರುವ ಅಧಿಕಾರ ನಮಗಿಲ್ಲವೆಂದರೆ, ಅದನ್ನು ತಡೆಹಿಡಿಯುವ ಅಧಿಕಾರವೂ ನಮಗೆ ಇರಲಾರದು.

ಅಮೆರಿಕದ ಮಿಶಿಗನ್ ಪ್ರಾಂತದ ಇಪ್ಸಿಲಾಂಟಿ ಎಂಬ ಊರಿನಲ್ಲಿ 1962ರಿಂದ 1967ರ ವರೆಗೆ ನಡೆದ ಒಂದು ಪ್ರಯೋಗ ಇಲ್ಲಿ ಸ್ಮರಣೀಯ. ಬಡ ಕರಿಯ ಕುಟುಂಬಗಳ 123 ಮಕ್ಕಳಲ್ಲಿ 58 ಮಂದಿಗೆ ಪೆರಿ ಶಾಲೆಯಲ್ಲಿ ಶಿಶುಶಿಕ್ಷಣ ದೊರೆಯಿತು, 65 ಮಂದಿಗೆ ಇಲ್ಲ. ಮೊದಲು ಕಂಡ ಬುದ್ಧಿಮಾಪನದ ಅಂಕಗಳ ಮೇಲುಗೈ ಕೆಲವೇ ವರ್ಷಗಳಲ್ಲಿ ಕರಗಿತು. ಪ್ರಯೋಗ ಸೋತಿತೆಂದೇ ತೋರಿತು. ಆದರೆ ನಲವತ್ತರ ವಯಸ್ಸಿನಲ್ಲಿ ನೋಡಿದಾಗ ಆ ಶಿಕ್ಷಣ ಪಡೆದವರು ಹೆಚ್ಚು ಓದಿದ್ದರು, ಹೆಚ್ಚು ಗಳಿಸುತ್ತಿದ್ದರು, ಸೆರೆಗೆ ಸಿಕ್ಕಿದ್ದು ಕಡಿಮೆ. ಉಳಿದದ್ದು ಅಂಕವಲ್ಲ, ನಡವಳಿಕೆ ಎಂದು ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮೊದಲಾದವರು ವಿವರಿಸುತ್ತಾರೆ. ನಮಗೆ ಇದು ಸಂತೋಷದ ಸುದ್ದಿಯೇ. ಆದರೂ ಈ ಲಾಭದ ಲೆಕ್ಕದ ಮೇಲೆ ಮಾತ್ರ ನಮ್ಮ ವಾದವನ್ನು ನಿಲ್ಲಿಸಲು ಮನಸ್ಸೊಪ್ಪುವುದಿಲ್ಲ. ಒಂದು ವೇಳೆ ಲಾಭವೇನೂ ಕಾಣದೆ ಹೋಗಿದ್ದರೆ ಆ ಮಕ್ಕಳನ್ನು ಗೋಡೆ ನೋಡುತ್ತ ಕೂರಿಸಬಹುದಾಗಿತ್ತೆ?

ಆ ಮಳೆಗಾಲ ಮುಗಿಯುವುದರೊಳಗೆ ಅಜ್ಜಿಯ ಚೆನ್ನೆಮಣೆ ನಮ್ಮ ಶಿಶುವಿಹಾರಕ್ಕೆ ಬಂತು. ಮಕ್ಕಳು ತುಳುವಿನಲ್ಲೂ ಮಲಯಾಳದಲ್ಲೂ ಕನ್ನಡದಲ್ಲೂ ಎಣಿಸತೊಡಗಿದರು. ಲೆಕ್ಕ ಯಾವ ನುಡಿಯಲ್ಲೂ ತಪ್ಪಲಿಲ್ಲ. ಕನ್ನಡದ ‘ರ’ವನ್ನು ನಾವು ಮರಳಿನ ಮೇಲೆ ಬರೆದಿಟ್ಟು ಸುಮ್ಮನಿರುತ್ತಿದ್ದೆವು. ಮುಟ್ಟಿದವರು ಮುಟ್ಟಿದರು. ಆ ಹುಡುಗ ನವರಾತ್ರಿಯ ರಜೆ ಕಳೆದು ಬಂದ ಮೇಲೆ ಮುಟ್ಟಿದನು; ಜನವರಿಯಲ್ಲಿ ತನ್ನ ಹೆಸರು ಬರೆದನು. ‘ಮಂದ’ ಎಂದು ಬರೆದ ಪುಟ ನಮ್ಮ ದಾಖಲೆಯಲ್ಲಿ ಈಗಲೂ ಇದೆ. ಹರಿದು ಹಾಕೋಣವೆಂದು ಕೆಲವರೆಂದರು, ಬೇಡವೆಂದು ಉಳಿದವರೆಂದರು.

ಒಂದೇ ಕೊಠಡಿಯಲ್ಲಿ ಮೂರು ನಾಲ್ಕು ಮನೆಮಾತುಗಳ ಮಕ್ಕಳನ್ನು ಕೂರಿಸಿಕೊಂಡ ಶಿಕ್ಷಕ ಬಂಧುಗಳು ನಮ್ಮಲ್ಲಿ ಇನ್ನೂ ಹಲವರಿದ್ದಾರೆ. ಮೊದಲ ತಿಂಗಳು ಅವರು ಯಾವ ನುಡಿಯಿಂದ ಆರಂಭಿಸುತ್ತಾರೆ, ಅಕ್ಷರವನ್ನು ಯಾವಾಗ ಮುಂದಿಡುತ್ತಾರೆ, ಆ ತಾಯಿಯಂತಹವರಿಗೆ ಏನು ಉತ್ತರ ಹೇಳುತ್ತಾರೆ ಎಂಬುದನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಚರ್ಚೆಯನ್ನು ಮುಂದುವರಿಸಬಹುದು.