ದಾನದೊಳಗಣ ದೋಷ

ಜತ್ತ ತಾಲೂಕಿನ ಉಮರಾಣಿಯಲ್ಲಿ ಜನಿಸಿದ ಲಿಂಗಮ್ಮನೆಂಬ ಶರಣೆ, ಕಲ್ಯಾಣದಲ್ಲಿ ತನ್ನ ದಾಸೋಹನಿಷ್ಠೆಯಿಂದ ಬಸವಣ್ಣನವರ ಮನವನ್ನು ಗೆದ್ದು, ಅವರಿಂದಲೇ ದಾನಮ್ಮನೆಂಬ ಅಭಿಧಾನವನ್ನು ಪಡೆದಳೆಂಬುದೂ, ಗುಡ್ಡಾಪುರದಲ್ಲಿ ಇಂದು ಪೂಜೆಗೊಳ್ಳುವ ದೇವಿ ಆಕೆಯೇ ಎಂಬುದೂ ಆ ಸೀಮೆಯ ಐತಿಹ್ಯ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆಂದು ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ನಡೆದು ಬರುವ ಭಕ್ತರಿಗೆ ದಾರಿಯುದ್ದಕ್ಕೂ ರೊಟ್ಟಿ ನೀಡುವವರುಂಟು, ಬೊಬ್ಬೆಯೆದ್ದ ಪಾದಗಳಿಗೆ ಎಣ್ಣೆ ಹಚ್ಚುವವರುಂಟು. ಕೊಡುವುದೇ ದೈವತ್ವವಾಗಿ ನಿಂತ ಆ ನೆಲದಲ್ಲಿ ಕೇಳತಕ್ಕ ಪ್ರಶ್ನೆಯೊಂದಿದೆ: ಸದ್ಭಾವದಿಂದ ಇತ್ತ ವಸ್ತುವೇ ಪಡೆದವನಿಗೆ ಕೇಡನ್ನು ತಂದಲ್ಲಿ, ಆ ಕೇಡು ಯಾರ ಲೆಕ್ಕಕ್ಕೆ ಸಲ್ಲಬೇಕು?

ಇದು ಬರಿಯ ತರ್ಕವಿನೋದವಲ್ಲ. ಜತ್ತ, ಗುಡ್ಡಾಪುರಗಳನ್ನೊಳಗೊಂಡ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ ಎಚ್‌ಐವಿಯ ಪ್ರಹಾರವನ್ನು ಬಲವಾಗಿಯೇ ಉಂಡ ಪ್ರದೇಶ. ಮೀನಾ ಶೇಷು ಅವರ ‘ಸಂಗ್ರಾಮ’ ಸಂಸ್ಥೆ ಅಲ್ಲಿ ಅದನ್ನು ತಡೆಯುವ ಕಾರ್ಯಕ್ಕಿಳಿದದ್ದು 1992ರಲ್ಲಿ. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರವು ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಗುಳಿಗೆಗಳನ್ನು ಉಚಿತವಾಗಿ ಕೊಡತೊಡಗಿದಾಗ, ಮರಣವನ್ನೇ ಎದುರುನೋಡುತ್ತಿದ್ದವರು ಎದ್ದು ಕುಳಿತರು, ಹೊಲಕ್ಕೆ ಹೋದರು, ಮಕ್ಕಳ ಮದುವೆ ಮಾಡಿದರು. ಇದಕ್ಕಿಂತ ದೊಡ್ಡ ದಾನವನ್ನು ನಮ್ಮ ಕಾಲ ಹೆಚ್ಚು ಕಂಡಿಲ್ಲ.

ಆದೊಡೆ ಆ ದಾನದೊಳಗೆ ಒಂದು ವಿಪರೀತವಡಗಿದೆ. ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ದೇಹವನ್ನು ಕಾಯುವ ಸಿಡಿ4 ಕೋಶಗಳ ಎಣಿಕೆ 50ಕ್ಕಿಂತ ಕೆಳಗಿಳಿದವರ ಅಕ್ಷಿಪಟವನ್ನು ಸೈಟೋಮೆಗಾಲೋ ಎಂಬ ಇನ್ನೊಂದು ವೈರಾಣು ಸದ್ದಿಲ್ಲದೆ ಮೇಯುತ್ತಿರಬಹುದು. ನೋವಿಲ್ಲ, ಕೆಂಪಿಲ್ಲ, ಅಂಚಿನಲ್ಲಿ ತೊಡಗಿದ ಕ್ಷಯ ಬಹುಕಾಲ ಅರಿವಿಗೂ ಬಾರದು. ಗುಳಿಗೆಯ ಬಲದಿಂದ ದೇಹರಕ್ಷಣೆಯ ಪಡೆ ಮರಳಿ ಹುಟ್ಟಿಕೊಂಡಾಗ, ಅದು ಕಣ್ಣಿನಲ್ಲಿ ಉಳಿದ ಆ ವೈರಾಣುವಿನ ಅವಶೇಷಗಳ ಮೇಲೆ ಎರಗಿ, ಉರಿಯೂತವನ್ನೆಬ್ಬಿಸಿ, ಅಕ್ಷಿಪಟದ ನಡುಭಾಗದಲ್ಲಿ ಊತವನ್ನೂ ಕೆಲವರಲ್ಲಿ ಪೊರೆಯನ್ನೂ ಉಂಟುಮಾಡಿ, ದೃಷ್ಟಿಯನ್ನೇ ಮಂದಗೊಳಿಸಬಹುದು. ಇಲ್ಲಿ ಕೆಡಿಸುವುದು ರೋಗದ ಬಲವಲ್ಲ, ಆರೋಗ್ಯದ ಬಲ! ಮದ್ದೇ ನೇರವಾಗಿ ಕಣ್ಣನ್ನು ಪೀಡಿಸುವ ದೃಷ್ಟಾಂತಗಳೂ ಇಲ್ಲದಿಲ್ಲ: ಹೆಪಟೈಟಿಸ್ ಸಿ ರೋಗಿಗಳಿಗೆ ಹಿಂದೆ ಚುಚ್ಚುತ್ತಿದ್ದ ಇಂಟರ್‌ಫೆರಾನ್ ಅಕ್ಷಿಪಟದಲ್ಲಿ ಹತ್ತಿಯೆಳೆಯಂಥ ಬಿಳಿಯ ಕಲೆಗಳನ್ನು ಮೂಡಿಸುತ್ತಿತ್ತು, ಸೈಟೋಮೆಗಾಲೋದಿಂದ ಕಣ್ಣನ್ನು ಕಾಯಲೆಂದೇ ಕೊಟ್ಟ ಸಿಡೋಫೊವಿರ್ ಎಂಬ ಔಷಧವಂತೂ ಕೆಲವರ ಕಣ್ಣಿನೊಳಗೇ ಉರಿಯೂತವನ್ನು ತಂದಿತು.

ಇಂಥ ಸಂದರ್ಭದಲ್ಲಿ ನಮ್ಮ ಜನರ ನಾಲಗೆಗೆ ತಾನಾಗಿ ಬರುವ ಮಾತು, “ಜೀವಾ ಉಳೀತಲ್ಲ, ಕಣ್ಣಿಂದೇನ್ ಬಿಡ್ರಿ, ದೇವ್ರು ಕೊಟ್ಟಷ್ಟು” ಎಂಬುದು. ಈ ಮಾತನ್ನು ಹಗುರವಾಗಿ ನೋಡುವ ವಿಚಾರವಾದಿಗಳ ಪಕ್ಷ ನನ್ನದಲ್ಲ. ಕಳೆದುಕೊಂಡವನು ತನ್ನ ನಷ್ಟವನ್ನು ಈಶ್ವರೇಚ್ಛೆಯೊಳಗೆ ಇಟ್ಟುಕೊಂಡು ಮುಂದಣ ಬಾಳನ್ನು ಹೊರುವುದಾದರೆ ಅದು ಭಕ್ತಿ. ಅದನ್ನು ಕಸಿಯಲು ಯಾರಿಗೂ ಅಧಿಕಾರವಿಲ್ಲ. ಆದರೆ ಅದೇ ಮಾತು ಮದ್ದು ಕೊಟ್ಟವನ ಬಾಯಿಂದ ಹೊರಟಾಗ ಅದು ಭಕ್ತಿಯಲ್ಲ, ನುಣುಚಿಕೊಳ್ಳುವ ಉಪಾಯ. ಏಕೆಂದರೆ ಈ ಹಾನಿಯಲ್ಲಿ ಬಹುಭಾಗ ತಡೆಯಬಹುದಾದದ್ದು: ಎಣಿಕೆ ತೀರ ಕುಸಿದವರ ಕಣ್ಣಿನ ಪಾಪೆಯನ್ನು ಹಿಗ್ಗಿಸಿ ಒಳಗಣ ಪಟವನ್ನು ಮೊದಲೇ ನೋಡಿ, ವೈರಾಣುವಿದ್ದರೆ ಗ್ಯಾನ್‌ಸೈಕ್ಲೊವಿರ್‌ನಿಂದ ಅದನ್ನಡಗಿಸಿ, ಬಳಿಕ ಎಆರ್‌ಟಿ ತೊಡಗಿದರೆ ಅಪಾಯ ತಗ್ಗುತ್ತದೆ. ತಡೆಯಬಲ್ಲ ಕೇಡನ್ನು ತಡೆಯದೆ ಕರ್ಮಕ್ಕೆ ಬರೆಯುವುದು ಕರ್ಮಸಿದ್ಧಾಂತಕ್ಕೂ ಮಾಡುವ ಅಪಚಾರವಷ್ಟೆ. ಇಷ್ಟನ್ನು ಓದಿ ಗುಳಿಗೆಯನ್ನೇ ಬಿಟ್ಟೇನೆಂಬವನು ಮಾತ್ರ ಕಣ್ಣನ್ನುಳಿಸಿಕೊಳ್ಳಲು ಪ್ರಾಣವನ್ನು ಒತ್ತೆಯಿಟ್ಟಂತೆ. ಗುಳಿಗೆ ನುಂಗಲೇಬೇಕು, ಬಿಡದೆ ನುಂಗಬೇಕು.

ಶರಣಧರ್ಮದಲ್ಲಿ ದಾಸೋಹಿಯ ಸ್ಥಾನ ದಾತನ ಸ್ಥಾನದಂತಲ್ಲ. ಉಣ್ಣುವವನು ಜಂಗಮಸ್ವರೂಪಿ, ನೀಡುವವನು ಅವನ ಕಿಂಕರ. ಆದುದರಿಂದಲೇ ಪಂಕ್ತಿಯಲ್ಲಿ ಬುಟ್ಟಿ ಹಿಡಿದವನು ನೀಡಿ ನಡೆದುಬಿಡದೆ, ಬಾಗಿ ನಿಂತು, “ಇನ್ನೊಂದೀಟು ನೀಡ್ಲೇನ್ರೀ ಯಪ್ಪಾ” ಎಂದು ಕೇಳಿ, ಸಾಕೆಂದು ಅಡ್ಡ ಹಿಡಿದ ಕೈಯನ್ನು ಕಂಡ ಮೇಲೆಯೇ ಮುಂದಿನ ಎಲೆಗೆ ಸರಿಯುತ್ತಾನೆ. ದಾತನಿಗೆ ಕೊಟ್ಟಲ್ಲಿಗೆ ಪುಣ್ಯ ಮುಗಿಯಿತು; ದಾಸೋಹಿಗೆ ಕೊಟ್ಟದ್ದು ಪಡೆದವನ ಒಡಲಲ್ಲಿ ಏನಾಯಿತೆಂಬ ಚಿಂತೆ ಉಳಿಯಿತು. ಔಷಧವನ್ನು ದಾನವೆಂದು ತಿಳಿದ ಆಡಳಿತವು ಹಂಚಿದ ಗುಳಿಗೆಗಳ ಸಂಖ್ಯೆಯನ್ನು ವರದಿಮಾಡಿ ತೃಪ್ತವಾಗಬಹುದು. ದಾಸೋಹವೆಂದು ತಿಳಿದರೆ, ನುಂಗಿದವನ ಕಣ್ಣಮುಂದೆ ಮಂಜು ಕವಿಯುತ್ತಿದೆಯೇ, ಕಪ್ಪು ಚುಕ್ಕೆಗಳು ತೇಲುತ್ತಿವೆಯೇ ಎಂದು ಕೇಳದೆ ಇರಲಾಗದು.

ಹಾಗೆ ಕೇಳುವುದಾದರೂ ಯಾವ ನುಡಿಯಲ್ಲಿ? ಜತ್ತದ ಮೂಡಣ ಹಳ್ಳಿಗಳ ಮನೆಮಾತು ಕನ್ನಡ, ಆಸ್ಪತ್ರೆಯ ಕಾಗದಪತ್ರಗಳ ಮಾತು ಮರಾಠಿ. ಎಚ್ಚರಿಕೆಯ ಮಾತು ರೋಗಿಯ ಕಿವಿಗೆ ಬಿದ್ದೂ ಮನಸ್ಸಿಗೆ ಬೀಳದಿದ್ದರೆ ಅದನ್ನು ಹೇಳಿದಂತಾಗಲಿಲ್ಲ. ಮತ್ತೆ, ಕಣ್ಣಿನ ಒಳಪಟವನ್ನು ತೋರಿಸಲೆಂದು ಹೊರಟ ಗುಡ್ಡಾಪುರದ ಕೂಲಿಯವನಿಗೆ ಮಿರಜದ ಆಸ್ಪತ್ರೆಯೆಂದರೆ ಜಿಲ್ಲೆಯ ಆ ತುದಿ. ಪಾಪೆ ಹಿಗ್ಗಿಸಲು ಕಣ್ಣಿಗೆ ಹನಿ ಹಾಕಿಸಿಕೊಂಡವನಿಗೆ ಕೆಲವು ಗಂಟೆಗಳ ಕಾಲ ಅಕ್ಷರ ಕಾಣದು, ಬಸ್ಸಿನ ಬೋರ್ಡೂ ಕಾಣದು. ಜೊತೆಗೊಬ್ಬರು ಬೇಕು, ಇಬ್ಬರ ಒಂದು ದಿನದ ಪಗಾರ ಹೋಗಬೇಕು. ಗುಳಿಗೆ ಉಚಿತವೆಂದು ಸಾರುವ ಫಲಕದಲ್ಲಿ ಈ ವೆಚ್ಚದ ಮಾತಿಲ್ಲ.