ಬೇಡಿ ಯಾರ ಕೈಗೆ?

ಕೋರ್ಟಿನ ವರಾಂಡದಲ್ಲಿ ನಾವೂ ನಿಂತು ನೋಡಿದ್ದೇವೆ. ಬೇಡಿ ಹಾಕಿಸಿಕೊಂಡು ಬಂದವನನ್ನು ಕಂಡ ಕೂಡಲೇ ಬಾಯಿಗೆ ಬರುವ ಮಾತು, 'ಏನೋ ಮಾಡಿರ್ತಾನೆ ಬಿಡು.' ಒಳಗೆ ಸಾಕ್ಷಿಯನ್ನೇ ಕರೆದಿರುವುದಿಲ್ಲ, ಹೊರಗೆ ನಮ್ಮ ತೀರ್ಪು ಮುಗಿದಿರುತ್ತದೆ.

ಹಾಗಾದರೆ ಬೇಡಿಯೇ ಬೇಡವೆ? ಅಷ್ಟು ಸಲೀಸಾಗಿ ಹೇಳಲು ನಮಗೆ ಧೈರ್ಯವಿಲ್ಲ. ಅಮೆರಿಕದ ಅಟ್ಲಾಂಟಾ ಕೋರ್ಟಿನಲ್ಲಿ 2005ರ ಮಾರ್ಚ್ 11ರಂದು ನಡೆದದ್ದನ್ನು ನೋಡಿ. ಅತ್ಯಾಚಾರದ ಆರೋಪಿ ಬ್ರಯಾನ್ ನಿಕೋಲ್ಸ್‌ನ ಬೂಟಿನಲ್ಲಿ ಎರಡು ದಿನ ಮೊದಲೇ ಚೂಪಾದ ಲೋಹದ ತುಂಡು ಸಿಕ್ಕಿದ್ದವು. ಕಾವಲು ಹೆಚ್ಚಿಸಿ ಅಂತ ಕೇಳಿಯೂ ಆಗಿತ್ತು. ಆದರೂ ಅವತ್ತು ಅವನ ಜೊತೆ ಇದ್ದದ್ದು ಒಬ್ಬರೇ ಡೆಪ್ಯುಟಿ, ಅಂದರೆ ಕೋರ್ಟು ಕಾಯುವ ಪೊಲೀಸು, ಒಬ್ಬ ಹೆಂಗಸು. ಜೈಲಿನ ಬಟ್ಟೆಯಲ್ಲಿ ಕಂಡರೆ ಜ್ಯೂರಿಯವರ ಮನಸ್ಸು ಕೆಡುತ್ತದೆ. ಮಾಮೂಲಿ ಬಟ್ಟೆ ತೊಡಲಿ ಎಂದು ಆಕೆ ಬೇಡಿ ಬಿಚ್ಚಿದರು. ಅವನು ಆಕೆಯನ್ನು ಬಡಿದು ಕೆಡವಿ, ಪಿಸ್ತೂಲು ತೆಗೆದುಕೊಂಡು, ನ್ಯಾಯಾಧೀಶರೂ ಸೇರಿ ಅವತ್ತು ನಾಲ್ವರನ್ನು ಕೊಂದ.

ಮನುಷ್ಯನ ಮರ್ಯಾದೆ ಉಳಿಸಲು ಬಿಚ್ಚಿದ ಬೇಡಿ ಅದು. ನಾವು ತಡವರಿಸುವುದು ಇಲ್ಲೇ. 'ನೋಡ್ರಪ್ಪ, ಎಲ್ಲರಿಗೂ ಬಿಗೀರಿ' ಅನ್ನುವುದು ಸುಲಭ. ಆದರೆ ತಪ್ಪು ಬಿಚ್ಚಿದವರದೆ? ಕೈಗೆ ಸಿಕ್ಕ ಚೂಪುತುಂಡನ್ನು ಮರೆತು ಆಕೆಯನ್ನು ಒಂಟಿಯಾಗಿ ಬಿಟ್ಟವರದು. ಅದೇ ವರ್ಷದ ಮೇ ತಿಂಗಳಲ್ಲಿ, ಅಟ್ಲಾಂಟಾದ ರಕ್ತ ಇನ್ನೂ ಹಸಿಯಿರುವಾಗಲೇ, ಅಲ್ಲಿನ ಸುಪ್ರೀಂ ಕೋರ್ಟು ಡೆಕ್ ಪ್ರಕರಣದಲ್ಲಿ ಹೇಳಿತು: ಮರಣದಂಡನೆ ಕೊಡಬೇಕೋ ಬೇಡವೋ ಎಂದು ವಿಚಾರಿಸುವಾಗಲೂ ಜ್ಯೂರಿಗೆ ಕಾಣುವಂತೆ ಸುಮ್ಮನೆ ರೂಢಿಗೆ ಸರಪಳಿ ಬಿಗಿಯಬಾರದು, ಆ ಒಬ್ಬ ಮನುಷ್ಯನಿಗೇ ಸಂಬಂಧಪಟ್ಟ ಕಾರಣ ಬೇಕು.

ನಮ್ಮಲ್ಲಿ ಕಾರಣ ಹುಡುಕುತ್ತಿದ್ದದ್ದು ಎಲ್ಲಿ? ಪಂಜಾಬ್ ಪೊಲೀಸ್ ನಿಯಮಗಳಲ್ಲಿ 'ಉತ್ತಮ ದರ್ಜೆ' ಕೈದಿಗಳೆಂಬ ಜನ ಇದ್ದರು. ಅವರಿಗೆ ಬೇಡಿಯಿಂದ ರಿಯಾಯಿತಿ. ಓದು, ಅಂತಸ್ತು, ಸುಖದ ಬದುಕು ಇದ್ದವನು ಓಡಿಹೋಗುವುದಿಲ್ಲವಂತೆ! ತಿಹಾರ್ ಜೈಲಿನಿಂದ ಪ್ರೇಮ್ ಶಂಕರ್ ಶುಕ್ಲಾ ಎಂಬ ವಿಚಾರಣಾ ಕೈದಿ ತಂತಿ ಕಳಿಸಿದರು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಈ ಭೇದವನ್ನು ಹೊಡೆದುಹಾಕಿದರು. ಬೇಡಿ ಹಾಕಿದರೆ ಕಾರಣ ಬರೆದು ಕೋರ್ಟಿಗೆ ತೋರಿಸಿ ಅಂದರು.

2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ, ರೂಢಿಗತ ಅಪರಾಧಿಗೆ ಬೇಡಿ ತೊಡಿಸಬಹುದು ಎನ್ನುತ್ತದೆ. ಈ ಪದ ನಮಗೆ ಹೊಸದೇನಲ್ಲ. 1871ರ ಕಾಯ್ದೆ ಇಡೀ ಬುಡಕಟ್ಟುಗಳನ್ನೇ ಅಪರಾಧಿಗಳೆಂದು ಪಟ್ಟಿ ಮಾಡಿತ್ತು. 1952ರಲ್ಲಿ ಅದು ರದ್ದಾಯಿತು. ಆ ಹಟ್ಟಿಯ ಹುಡುಗ ಸಂತೆಯಲ್ಲಿ ನಿಂತರೆ ಇವತ್ತಿಗೂ ಪೇದೆಯ ಕಣ್ಣು ಮೊದಲು ಹೋಗುವುದು ಅವನ ಕಡೆಗೇ. ಪೇದೆಯೂ ಕೂಲಿಯವರ ಮಗನೇ ಇರಬಹುದು. ಕೈದಿ ತಪ್ಪಿಸಿಕೊಂಡರೆ ಸಸ್ಪೆಂಡ್ ಆಗುವವನು ಅವನು, ಹೆದರಿಕೆ ಸುಳ್ಳಲ್ಲ. ಅದು ಎದುರಿನವನು ಮಾಡಿದ್ದನ್ನು ನೋಡಿ ಹುಟ್ಟಿದ್ದೋ, ಅವನ ಕೇರಿಯ ಹೆಸರು ಕೇಳಿ ಹುಟ್ಟಿದ್ದೋ? ಕಾರಣ ಬರೆಯುವ ಸಾಲಿನಲ್ಲಿ ಏನು ಬರೆದಿದ್ದೀಯಪ್ಪ ಎಂದು ವರಾಂಡದಲ್ಲಿ ನಿಂತ ನಾವು ಒಂದು ಸಲವೂ ಕೇಳಿಲ್ಲ.